ಅಳತೆಗೆ ಹೊಲಿದ ಕೊಳ

ಕೋಟಿನ ಬೆನ್ನು ಬರೆಯಬೇಕಾಗಿದ್ದ ಬಟ್ಟೆಯ ಮೇಲೆ ತಾನು ಈಜುಕೊಳವೊಂದನ್ನು ಬರೆದುಬಿಟ್ಟಿದ್ದೇನೆ ಎಂದು ದರ್ಜಿಗೆ ಗೊತ್ತಾದದ್ದು ಎದುರಿಗೆ ನಿಂತಿದ್ದ ಗಿರಾಕಿ ಕೆಮ್ಮಿದಾಗ. ಬೂದು ಬಣ್ಣದ ಒಳ್ಳೆಯ ಉಣ್ಣೆ ಬಟ್ಟೆ. ಅದರ ನಟ್ಟನಡುವೆ ಸೀಮೆಸುಣ್ಣದಲ್ಲಿ, ಒಂದು ಮಗ್ಗುಲು ಉಬ್ಬಿ ಇನ್ನೊಂದು ಮಗ್ಗುಲು ಒಳಗೆ ಬಾಗಿದ ಗೋಡಂಬಿಯಂಥ ಆಕಾರ, ಅದರ ಮೂಲೆಯಲ್ಲಿ ಇಳಿಯುವುದಕ್ಕೆ ಪುಟ್ಟ ಮೆಟ್ಟಿಲು ಬೇರೆ. ಗಿರಾಕಿ ಬ್ಯಾಂಕಿನವನು, ಯಾವುದನ್ನೂ ಎರಡು ಸಲ ನೋಡದೆ ನಂಬುವವನಲ್ಲ. ಬಗ್ಗಿ ಮೆಟ್ಟಿಲನ್ನು ಪರೀಕ್ಷಿಸಿ ಇದೇನು ಎಂದು ಕೇಳಿದ. ಒಳಜೇಬು ಎಂದ ದರ್ಜಿ. ಬೆನ್ನಿಗೆ ಒಳಜೇಬೇ ಎಂದು ಗಿರಾಕಿ. ಈಗ ಹಾಗೇ ನಡೆಯುತ್ತಿದೆ ಎಂದು ದರ್ಜಿ. ಇಷ್ಟು ಸರಾಗವಾಗಿ ಸುಳ್ಳು ಹೇಳಬಲ್ಲೆ ಎಂದು ಅವನಿಗೇ ತಿಳಿದಿರಲಿಲ್ಲ. ಕಿವಿಯ ತುದಿ ಬಿಸಿಯಾಯಿತು. ಗಿರಾಕಿ ಕೈಯನ್ನು ಬೆನ್ನ ಹಿಂದೆ ಒಯ್ದು ಎಟುಕುತ್ತದೆಯೋ ಇಲ್ಲವೋ ನೋಡಿಕೊಂಡ, ಎಟುಕಲಿಲ್ಲ, ಆದರೂ ನಡೆಯುತ್ತಿರುವುದಾದರೆ ತನಗೂ ಇರಲಿ ಎಂದು ಹೇಳಿ ಹೋದ. ಇನ್ನು ಬೆನ್ನಿಗೆ ಜೇಬು ಹೊಲಿಯಬೇಕು. ದರ್ಜಿ ಬ್ರಷ್ಷು ತೆಗೆದುಕೊಂಡು ಕೊಳವನ್ನು ಒರೆಸಿದ. ಅದು ಸುಲಭಕ್ಕೆ ಹೋಗಲಿಲ್ಲ.

ಅಂಗಡಿಯ ಮುಂಭಾಗದಲ್ಲಿ, ಬೀದಿಯ ಬೆಳಕು ಬೀಳುವ ಕಡೆ ಮುಖ ಮಾಡಿ, ಹೆಂಡತಿ ಗುಂಡಿ ತೂರುವ ಕಾಜ ಹೊಲಿಯುತ್ತಿದ್ದಳು. ಬೆನ್ನಿನ ಜೇಬಿನ ಮಾತು ಅವಳ ಕಿವಿಗೆ ಬೀಳದೆ ಇರಲು ಸಾಧ್ಯವೇ ಇಲ್ಲ. ಹಿಂದೆಲ್ಲ ಇಂಥದ್ದು ನಡೆದರೆ ಅವಳು ಅಳತೆ ಕೋಣೆಯ ಪರದೆಯ ಹಿಂದೆ ಓಡಿಹೋಗಿ, ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕು, ಗಿರಾಕಿ ಬೀದಿ ದಾಟಿದ ಮೇಲೆ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬರುತ್ತಿದ್ದಳು. ಇವತ್ತು ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದಳು, ಅಷ್ಟೇ. ಅವಳ ಬೆನ್ನನ್ನು ನೋಡುತ್ತ ನಿಂತ ದರ್ಜಿಗೆ ಆ ಬೆನ್ನು ಏನು ಯೋಚಿಸುತ್ತಿದೆ ಎಂದು ತಿಳಿಯಲಿಲ್ಲ. ಎಡಭುಜ ಬಲಭುಜಕ್ಕಿಂತ ಒಂದು ಬೆರಳು ತಗ್ಗು, ಕತ್ತಿನ ಕೆಳಗೆ ಚೂರು ಗೂನು, ಸೊಂಟ ಹೋದ ವರ್ಷಕ್ಕಿಂತ ಸಡಿಲ. ಇದೆಲ್ಲ ಅವನಿಗೆ ಕಣ್ಣು ಮುಚ್ಚಿದರೂ ಗೊತ್ತು. ಮದುವೆಯಾದಾಗಿನಿಂದ ಅವಳು ತೊಟ್ಟ ಒಂದೊಂದು ಬಟ್ಟೆಯೂ ಅವನ ಕೈಯದೇ. ಆದರೆ ಭಾನುವಾರ ಬಂದರೆ ಈಗ ಅವಳು ಎಲ್ಲೂ ಹೋಗದೆ ಮನೆಯಲ್ಲಿ ಕೂತು ಬಟಾಣಿ ಸುಲಿಯುತ್ತಾಳೆ, ಅದಕ್ಕೆ ಯಾವ ಟೇಪು ಹಿಡಿಯುವುದು. ಮೊದಲು ಭಾನುವಾರವೆಂದರೆ ಅವಳು ತಮ್ಮನ ಮನೆಗೆ ಹೊರಟುಬಿಡುತ್ತಿದ್ದಳು. ತಮ್ಮ ಹಲ್ಲಿನ ಡಾಕ್ಟರು, ಮನೆಯ ಹಿಂದೆ ದೊಡ್ಡ ಈಜುಕೊಳ. ಅವಳಿಗೆ ಈಜಲು ಬರುವುದಿಲ್ಲ, ತೇಲಲು ಬರುತ್ತದೆ. ಅಂಗಾತ ಮಲಗಿ, ಕೈ ಎರಡೂ ಚಾಚಿ, ಕಿವಿಯವರೆಗೆ ನೀರಿಗೆ ಒಪ್ಪಿಸಿಕೊಂಡು, ಆಕಾಶ ನೋಡುತ್ತ ಇದ್ದುಬಿಡುತ್ತಿದ್ದಳು. ವಾರವೆಲ್ಲ ಬಗ್ಗಿ ಗುಂಡಿ ಹಚ್ಚಿದ ಕತ್ತು ಅಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಕರೆದರೆ ಕೇಳಿಸುತ್ತಿರಲಿಲ್ಲ. ಅವನು ದಡದ ಕುರ್ಚಿಯಲ್ಲಿ ಬೂಟು ಹಾಕಿಕೊಂಡೇ ಕೂತು ಬಂದವರ ಕಾಲರುಗಳನ್ನು ನೋಡಿ ಮನಸ್ಸಿನಲ್ಲೇ ಬಿಚ್ಚಿ ಹೊಲಿಯುತ್ತಿದ್ದ. ಸಂಜೆ ಮನೆಗೆ ಬಂದ ಮೇಲೂ ಅವಳ ಕೂದಲಲ್ಲಿ ಕ್ಲೋರಿನ್ ವಾಸನೆ ಇರುತ್ತಿತ್ತು, ದಿಂಬಿಗೂ ಹತ್ತುತ್ತಿತ್ತು. ಮೊನ್ನೆ ಬಚ್ಚಲಿನ ಮೂಲೆಯಲ್ಲಿ ಬ್ಲೀಚಿಂಗ್ ಪುಡಿಯ ಡಬ್ಬ ಕಂಡು, ಯಾರೂ ಇಲ್ಲದಾಗ, ಮುಚ್ಚಳ ತೆಗೆದು ಮೂಸಿದ. ಕಣ್ಣಲ್ಲಿ ನೀರು ಬಂತು. ಅದು ಪುಡಿಗೆ ಬಂದದ್ದೋ ಬೇರೆ ಯಾತಕ್ಕೋ ಎಂದು ಯೋಚಿಸುವಷ್ಟರಲ್ಲಿ ಸೀನು ಬಂದು ಡಬ್ಬವೇ ಬಿತ್ತು.

ಎಲ್ಲದಕ್ಕೂ ಕಾರಣ ಅವನ ಚಡ್ಡಿ. ನೀವೂ ಒಂದು ಸಲ ಇಳೀರಿ, ಒಂದೇ ಸಲ, ಎಂದು ಅವಳು ವರ್ಷಗಟ್ಟಲೆ ಕರೆದಿದ್ದಳು. ಅವನು ಒಪ್ಪಿದ ದಿನ ಅವಳ ಮುಖ ನೋಡಬೇಕಿತ್ತು. ಈಜುವ ಚಡ್ಡಿಯನ್ನು ಅಂಗಡಿಯಿಂದ ತಂದರಾಯಿತು ಎಂದಳು. ತನ್ನ ಬೀದಿಯಲ್ಲೇ ಎದುರಿಗೆ ಸಿದ್ಧ ಉಡುಪಿನ ಅಂಗಡಿ ತೆರೆದವನ ಮುಖ ನೆನೆದು ದರ್ಜಿಗೆ ಮೈ ಉರಿಯಿತು. ತಾನೇ ಹೊಲಿದ. ಒಳ್ಳೆಯ ನೇರಳೆ ಬಣ್ಣದ ಹತ್ತಿ ಬಟ್ಟೆ, ಒಳಗೆ ಅಸ್ತರು, ಎರಡು ಪಕ್ಕದ ಜೇಬು, ಕನ್ನಡಕಕ್ಕೆ ಒಂದು ಹಿಂದಿನ ಜೇಬು, ಬೆಲ್ಟಿಗೆ ಪಟ್ಟಿಗಳು, ಮುಂದೆ ಇಸ್ತ್ರಿ ಗೆರೆ. ಅದನ್ನು ತೊಟ್ಟು ಅವನು ದಡದ ಮೇಲೆ ಬಂದಾಗ ಭಾವಮೈದನ ಅತಿಥಿಗಳಲ್ಲಿ ಒಬ್ಬಾಕೆ ಕಡಿಮೆಯೆಂದರೂ ಒಂದು ನಿಮಿಷ ಆ ಗೆರೆಯನ್ನೇ ನೋಡಿದಳು. ಅವನು ಹೆಮ್ಮೆಯಿಂದಲೇ ಇಳಿದ. ಹೆಂಡತಿ ಅವನ ಬೆನ್ನ ಕೆಳಗೆ ಕೈ ಕೊಟ್ಟು, ತಲೆ ಬಿಡಿ, ಕಾಲು ಬಿಡಿ, ಎಲ್ಲ ಬಿಡಿ ಎಂದಳು. ಅವನು ಎಲ್ಲ ಬಿಟ್ಟ. ಚಡ್ಡಿಯೂ ತನ್ನದನ್ನು ಬಿಟ್ಟಿತು. ಮೊದಲು ಮೊಳಕಾಲಿನ ಹತ್ತಿರ ಒಂದು ಎಳೆ, ಆಮೇಲೆ ಸೊಂಟದ ಸುತ್ತ ಒಂದು ಮೋಡ, ನೋಡನೋಡುತ್ತ ಅರ್ಧ ಕೊಳ ನೇರಳೆ. ದಡದಲ್ಲಿದ್ದ ಮುದುಕರೊಬ್ಬರು ಇವರಿಗೆ ಏನೋ ಆಗಿಹೋಗಿದೆ, ಡಾಕ್ಟರನ್ನು ಕರೆಯಿರಿ ಎಂದು ಕೂಗಿದರು. ಡಾಕ್ಟರು ಓಡಿ ಬಂದ. ಬಂದವನು ಅಭ್ಯಾಸಬಲದಿಂದ, ಬಾಯಿ ತೆರೀರಿ ಭಾವ, ಎಂದ. ಅವನೂ ತೆರೆದ. ನೇರಳೆ ನೀರಿನಲ್ಲಿ ನಿಂತು, ಬಾಯಿ ಅಗಲಿಸಿಕೊಂಡು, ಅಷ್ಟೂ ಜನರ ಮುಂದೆ. ಹೊಸ ಬಟ್ಟೆಯನ್ನು ರಾತ್ರಿ ನೆನೆಹಾಕಿ, ಒಣಗಿಸಿ, ಆಮೇಲೆ ಕತ್ತರಿ ಹಚ್ಚಬೇಕೆನ್ನುವುದು ಈ ಕಸುಬಿನಲ್ಲಿ ಮೊದಲ ದಿನ ಕಲಿಯುವ ಮಾತು. ಗಿರಾಕಿಗಳ ಬಟ್ಟೆಗೆ ಅವನು ಎಂದೂ ಮರೆತವನಲ್ಲ, ಮರೆತದ್ದು ತನ್ನದೊಂದಕ್ಕೆ.

ಭಾವಮೈದ ಒಂದೂ ಕೆಟ್ಟ ಮಾತಾಡಲಿಲ್ಲ. ಅದೇ ದೊಡ್ಡ ನೋವು. ಪರವಾಗಿಲ್ಲ ಭಾವ, ಏನೂ ಆಗಿಲ್ಲ ಭಾವ, ಎಂದು ಹಲ್ಲು ಕೀಳುವ ಮೊದಲು ಹೇಳುವ ದನಿಯಲ್ಲೇ ಹೇಳಿದ. ನೀರನ್ನೆಲ್ಲ ಬಸಿದು, ಗೋಡೆ ತಿಕ್ಕಿಸಿ, ಮತ್ತೆ ತುಂಬಿಸಿದ. ಮುಂದಿನ ಭಾನುವಾರ ಹೋದಾಗ ಕೊಳದ ಪಕ್ಕದಲ್ಲಿ ಒಂದು ಅಂದವಾದ ಬೋರ್ಡು. ಮೊದಲ ಸಾಲು, ಸ್ನಾನ ಮಾಡಿ ಇಳಿಯಿರಿ. ಎರಡನೆಯದು, ಓಡಬೇಡಿ. ಮೂರನೆಯದು, ಬಣ್ಣ ಬಿಡುವ ಬಟ್ಟೆ ತೊಟ್ಟವರು ಇಳಿಯಬಾರದು. ಮೊದಲ ಎರಡು ಸಾಲು ಮೂರನೆಯದಕ್ಕೆ ಮರೆಯಾಗಿ ನಿಂತಿವೆ ಎಂದು ಅವನಿಗೆ ಒಂದೇ ನೋಟಕ್ಕೆ ತಿಳಿಯಿತು. ಒಳಗಿನ ತೇಪೆ ಕಾಣದಿರಲೆಂದು ಮೇಲೆ ಹಾಕುವ ಕಸೂತಿ ಅವನಿಗೆ ಗೊತ್ತಿಲ್ಲದ್ದೇನೂ ಅಲ್ಲ. ಲೋಕದಲ್ಲಿ ಆ ಸಾಲು ಅನ್ವಯಿಸುವ ಮನುಷ್ಯ ಒಬ್ಬನೇ, ಅವನು ಬೂಟು ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಅವತ್ತು ಹೆಂಡತಿ ಬೇಗ ನೀರಿನಿಂದ ಎದ್ದಳು. ಆಮೇಲೆ ಒಂದು ವಾರ ಮಂಡಿ ನೋವು ಎಂದಳು, ಇನ್ನೊಂದು ವಾರ ಶೀತ ಎಂದಳು, ಮೂರನೆಯ ವಾರ ಏನೂ ಹೇಳದೆ ಬಟಾಣಿ ಸುಲಿಯಲು ಕೂತಳು. ಬಟಾಣಿಯ ಕಾಲ ಮುಗಿದ ಮೇಲೆ ಒಣ ಬಟಾಣಿ ಆರಿಸುತ್ತ ಕೂತಳು. ದರ್ಜಿ ಕಾರಣ ಕೇಳಲಿಲ್ಲ. ಕೇಳಿದರೆ ಹೇಳಿಬಿಟ್ಟಾಳು ಎಂಬ ಭಯ. ಅವಳಿಗೆ ನನ್ನಿಂದ ನಾಚಿಕೆಯಾಗಿದೆ, ಎಂದು ಅವನು ತನ್ನೊಳಗೇ ತೀರ್ಪು ಕೊಟ್ಟುಕೊಂಡ. ತಮ್ಮನ ಮನೆಯಲ್ಲಿ ನನ್ನ ಹೆಂಡತಿ ಅನ್ನಿಸಿಕೊಂಡು ನೀರಿಗೆ ಇಳಿಯಲಾರಳು. ಹಾಗಾದರೆ ಯಾರ ಮುಲಾಜೂ ಇಲ್ಲದ, ಬೋರ್ಡಿಲ್ಲದ ಕೊಳವೊಂದು ಅವಳದೇ ಹಿತ್ತಿಲಲ್ಲಿ ಇರಬೇಕು. ಅವಳ ಭಾನುವಾರ ತಾನೇ ಕಿತ್ತುಕೊಂಡದ್ದು, ತಾನೇ ಹೊಲಿದು ಕೊಡಬೇಕು.

ಪೂಲು ಮಾರುವವನು ಬಂದದ್ದು ಹೀಗೆ. ದೊಡ್ಡ ಗಂಟಲಿನ, ಹೊಳೆಯುವ ಬೂಟಿನ ಆಸಾಮಿ. ಅಂಗಡಿಯ ಹಿಂದೆಯೇ ಇದ್ದ ಮನೆಯ ಹಿತ್ತಿಲನ್ನು ಆ ತುದಿಯಿಂದ ಈ ತುದಿಗೆ ಹೆಜ್ಜೆ ಹಾಕಿ ಅಳೆದ. ಮೂರು ಬಗೆ ಇವೆ ಎಂದ. ನೆಲದ ಮೇಲೆ ತೊಟ್ಟಿಯ ಹಾಗೆ ನಿಲ್ಲಿಸಿಬಿಡುವುದು, ಬೇಡವೆನಿಸಿದರೆ ಮಡಿಚಿ ಎತ್ತಿಡಬಹುದು. ಕಾರ್ಖಾನೆಯಲ್ಲೇ ಅಚ್ಚು ಹಾಕಿದ ಫೈಬರಿನದು, ಲಾರಿಯಲ್ಲಿ ಇಡಿಯಾಗಿ ಬರುತ್ತದೆ, ಗುಂಡಿ ತೋಡಿ ಇಟ್ಟರೆ ಆಯಿತು. ಮೂರನೆಯದು ಇಲ್ಲೇ ಅಗೆದು ಕಾಂಕ್ರೀಟಿನಲ್ಲಿ ಕಟ್ಟುವುದು, ತಿಂಗಳುಗಟ್ಟಲೆ ಹಿಡಿಯುತ್ತದೆ. ಮೊದಲನೆಯದು ದರ್ಜಿಗೆ ಗೋಣಿಚೀಲವೆನಿಸಿತು. ಎರಡನೆಯದು ಸಿದ್ಧ ಉಡುಪು, ಅದಕ್ಕೂ ಅವನಿಗೂ ಎಣ್ಣೆ ಸೀಗೆಕಾಯಿ. ಮೂರನೆಯದೇ ಸರಿ, ಅಳತೆ ತೆಗೆದು ಹೊಲಿದದ್ದು. ಆದರೆ ಮುಂದೆ ಅವಳು ದಪ್ಪವಾದರೆ ಬಿಚ್ಚಿ ಸಡಿಲ ಮಾಡಲು ಅಂಚಿನಲ್ಲಿ ಒಳಗೆ ಎಷ್ಟು ಬಿಡುತ್ತೀರಿ ಎಂದು ಕೇಳಿದ. ಪೂಲಿನವನು ಈ ಕಸುಬಿಗೆ ಬಂದಾಗಿನಿಂದ ಯಾರೂ ಹಾಗೆ ಕೇಳಿರಲಿಲ್ಲ. ಬಿಸಿಲು ಯಾವ ಕಡೆ, ನಿಂಬೆ ಗಿಡದ ಎಲೆ ನೀರಿಗೆ ಬೀಳುತ್ತದೆಯೇ, ಪಂಪಿನ ಸದ್ದಿಗೆ ಪಕ್ಕದ ಮನೆಯವರು ಜಗಳಕ್ಕೆ ಬರುತ್ತಾರೆಯೇ, ಹೀಗೆ ಅವನು ಒಂದೊಂದೇ ವಿವರಿಸುತ್ತಿದ್ದ. ದರ್ಜಿಗೆ ಒಂದೂ ಕಿವಿಗೆ ಹೋಗಲಿಲ್ಲ. ಪೂಲಿನವನ ಪ್ಯಾಂಟು ಹಿಂದೆ ಜಗ್ಗಿ, ಮುಂದೆ ಸುಕ್ಕುಗಟ್ಟಿ, ಮನುಷ್ಯ ಬಗ್ಗಿದಾಗಲೆಲ್ಲ ನೋಯುತ್ತಿರುವಂತೆ ಕಾಣುತ್ತಿತ್ತು.

"ಮನೇಲಿ ಈಜೋರು ಎಷ್ಟು ಜನ ಸರ್?" ಎಂದು ಪೂಲಿನವನು ಕೇಳಿದ.

"ಈಜೋರು ಯಾರೂ ಇಲ್ಲ. ತೇಲೋರು ಒಬ್ಬರಿದ್ದಾರೆ."

ತೇಲುವವರಿಗೆಂದೇ ಪ್ರತ್ಯೇಕ ಮಾದರಿ ಇಲ್ಲ ಎಂದು ಪೂಲಿನವನು ಪುಸ್ತಕ ಮಗುಚಿ ನೋಡಿ ಹೇಳಿದ. ದರ್ಜಿಗೆ ತಡೆದುಕೊಳ್ಳಲಾಗಲಿಲ್ಲ, ಪ್ಯಾಂಟು ಬಿಚ್ಚಿ ಎಂದ. ಅವತ್ತು ಪೂಲಿನವನು ಅಂಗಡಿಯ ಪರದೆಯ ಹಿಂದೆ ಟವೆಲು ಸುತ್ತಿಕೊಂಡು ಕೂತು, ಅಲ್ಲಿಂದಲೇ ಫಿಲ್ಟರಿನ ಗುಣಗಾನ ಮಾಡಿದ, ದರ್ಜಿ ಹಿಂಭಾಗದ ಹೊಲಿಗೆ ಬಿಚ್ಚಿ ಕೂರಿಸಿದ. ಹೊರಡುವಾಗ ಅವನು ಮೆಟ್ಟಿಲ ಮೇಲೆ ಎರಡು ಸಲ ಕುಳಿತು ಎದ್ದು ಪರೀಕ್ಷೆ ಮಾಡಿದ, ಕಣ್ಣು ತುಂಬಿ ಬಂದಂತಿತ್ತು. ಮುಂದಿನ ವಾರ ಆರ್ಡರು ತೆಗೆದುಕೊಳ್ಳಲೆಂದು ಬಂದ, ಕೈಯಲ್ಲಿ ಇನ್ನೂ ನಾಲ್ಕು ಪ್ಯಾಂಟಿದ್ದವು. ಯಾವ ಆಕಾರದ ಕೊಳ ಎಂದು ಅವನೂ ಒತ್ತಾಯಿಸಿ ಕೇಳಲಿಲ್ಲ, ದರ್ಜಿಯೂ ಹೇಳಲಿಲ್ಲ. ಹೆಂಡತಿ ಕಾಜ ಹೊಲಿಯುತ್ತ ಎಲ್ಲ ಕೇಳಿಸಿಕೊಂಡಳು. ಹಿತ್ತಿಲಲ್ಲಿ ಕೊಳ ಬರುತ್ತದೆ ಎಂದು ಅವನು ಹೇಳಿದಾಗ, ಯಾಕೆ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ನಿಮಗೆ ಹೇಗೆ ಅನ್ನಿಸುತ್ತೋ ಹಾಗೆ ಮಾಡಿ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಅಂದಳು. ಆ ಮಾತನ್ನು ಅವನು ಹಿಂದೆ ಮುಂದೆ ಮಗುಚಿ ನೋಡಿದ, ಎಲ್ಲೂ ಬಣ್ಣ ಸಿಗಲಿಲ್ಲ.

ತೀರ್ಮಾನವಾಗದಾಗ ಏನು ಮಾಡಬೇಕೆಂದು ದರ್ಜಿಗೆ ಗೊತ್ತು, ಟ್ರಯಲ್ ನೋಡಬೇಕು. ಯಾವ ದೊಡ್ಡ ಕೋಟನ್ನೂ ಅವನು ನೇರವಾಗಿ ಹೊಲಿದವನಲ್ಲ. ಮೊದಲು ಅಗ್ಗದ ಬಟ್ಟೆಯಲ್ಲಿ ಕಚ್ಚಾ ಹೊಲಿಗೆ ಹಾಕಿ ಮೈಮೇಲೆ ಇಟ್ಟು ನೋಡುತ್ತಾನೆ. ಹಿತ್ತಿಲಿನದೂ ಒಂದು ಮೈ, ಭೂಮಿಯನ್ನು ಒಮ್ಮೆ ಅಗೆದರೆ ಮತ್ತೆ ಬಿಚ್ಚುವಂತಿಲ್ಲ. ಸಗಟು ಅಂಗಡಿಯಿಂದ ನೀಲಿ ಬಟ್ಟೆಯ ಇಡೀ ಥಾನು ತಂದ. ಸಂಜೆ ಗಿರಾಕಿಗಳು ಹೋದ ಮೇಲೆ ಮೆಷಿನ್ನು ತುಳಿದು ಬಟ್ಟೆಯನ್ನು ಅಗಲಕ್ಕೆ ಜೋಡಿಸಿ, ನಿಜವಾದ ಅಳತೆಯ ಕೊಳಗಳನ್ನು ಹೊಲಿದ. ಮೊದಲನೆಯದು ಗೋಡಂಬಿ. ಹುಲ್ಲಿನ ಮೇಲೆ ಹಾಸಿ, ಅಂಚಿಗೆ ಮೊಳೆ ಹೊಡೆದು ನಿಲ್ಲಿಸಿದಾಗ, ಕಿಟಕಿಯಿಂದ ನೋಡಿದವರಿಗೆ ಎದೆ ಝಲ್ಲೆನ್ನುವಷ್ಟು ನಿಜವಾಗಿತ್ತು. ಪಕ್ಕದ ಮನೆಯ ಬೆಕ್ಕು ದಡದಲ್ಲಿ ನಿಂತು ಒಂದು ಕಾಲು ಇಟ್ಟು ನೋಡಿ, ಒದ್ದೆಯಾಗದ್ದಕ್ಕೆ ಅವಮಾನಗೊಂಡು ಹೋಯಿತು. ವಯಸ್ಸಾಗಿದ್ದರೂ ಅವನ ತಾಯಿ ಬಟ್ಟೆ ಒಣಹಾಕುವ ಕೆಲಸವನ್ನು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಹಗ್ಗ ಇದ್ದದ್ದು ಹಿತ್ತಿಲ ಆ ತುದಿಯಲ್ಲಿ. ಬುಟ್ಟಿ ಸೊಂಟಕ್ಕಿಟ್ಟುಕೊಂಡು ಕೊಳದ ಸುತ್ತ ಬಳಸಿ, ಗೋಡೆ ಹಿಡಿದುಕೊಂಡು, ಅಡ್ಡಡ್ಡ ಹೆಜ್ಜೆ ಹಾಕುತ್ತ ಹೋಗುವುದನ್ನು ಕಂಡು ಅವನು ಕಿಟಕಿಯಿಂದ ಹೇಳಿದ.

"ಅಮ್ಮ, ಬಟ್ಟೆ ಅದು. ಮೇಲೆ ನಡ್ಕೊಂಡು ಹೋಗು."

"ಇವತ್ತು ಬಟ್ಟೆ ಅಂತ ನಡೀತೀನಿ. ನಾಳೆ ನೀರು ಬಂದಾಗ ಕಾಲಿಗೆ ಹೇಗೆ ಗೊತ್ತಾಗ್ಬೇಕು? ಈಗಿಂದ್ಲೇ ಅಭ್ಯಾಸ ಆಗ್ಲಿ."

ಅವಳೊಬ್ಬಳೇ ಆ ಕೊಳವನ್ನು ನಂಬಿದವಳು. ಗೋಡಂಬಿಯ ಉಬ್ಬು ನಿಂಬೆ ಗಿಡಕ್ಕೆ ತಾಗುತ್ತಿತ್ತು, ಬಿಚ್ಚಿದ. ಆಮೇಲೆ ವೃತ್ತ, ಅದರಲ್ಲಿ ತೇಲುವವರಿಗೆ ತಲೆ ಯಾವ ಕಡೆಯೆಂದು ತಿಳಿಯದು ಎನಿಸಿತು, ಬಿಚ್ಚಿದ. ಆಮೇಲೆ ಉದ್ದುದ್ದನೆಯ ಆಯತ. ಅದು ಭಾವಮೈದನ ಕೊಳವನ್ನೇ ಹೋಲುತ್ತಿತ್ತು, ಬೋರ್ಡು ಒಂದೇ ಕಡಿಮೆ, ಅದನ್ನಂತೂ ಹಾಸಿದ ಕೂಡಲೇ ಕಿತ್ತ. ಬ್ಯಾಂಕಿನವನು ಕೋಟು ಒಯ್ಯಲು ಬಂದು ಹೋದ. ಬೆನ್ನಿನ ಜೇಬು ಅವನಿಗೆ ಹಿಡಿಸಿಬಿಟ್ಟು, ಕಚೇರಿಯ ಇಬ್ಬರಿಗೆ ಹೇಳಿದ್ದನಂತೆ, ಅವರೂ ಬರುವವರಿದ್ದರು. ಕೈ ಎಟುಕದ ಆ ಜೇಬಿನಲ್ಲಿ ಏನಿಡುತ್ತೀರಿ ಎಂದು ಕೇಳುವ ಧೈರ್ಯ ದರ್ಜಿಗೆ ಬರಲಿಲ್ಲ. ತಾನು ಮಾಡುತ್ತಿರುವುದೂ ಅದೇ ಏನೋ, ಯಾರ ಕೈಗೂ ಎಟುಕದ ಕಡೆ ದೊಡ್ಡದೊಂದು ಜೇಬು ಹೊಲಿಯುವುದು. ಆ ಯೋಚನೆ ಬಂದ ಮಧ್ಯಾಹ್ನವೇ ಅವನಿಗೆ ತಪ್ಪು ಹೊಳೆಯಿತು. ಇಷ್ಟು ದಿನ ಅವನು ಹಿತ್ತಿಲ ಅಳತೆ ತೆಗೆಯುತ್ತಿದ್ದ, ತೊಡುವವಳ ಅಳತೆಯನ್ನಲ್ಲ. ಅವಳ ಎದೆ ಸೊಂಟ ತೋಳು ಎಲ್ಲ ಬಾಯಿಪಾಠ, ತೇಲುವಾಗಿನ ಅಳತೆ ಮಾತ್ರ ಗೊತ್ತಿರಲಿಲ್ಲ. ಅವಳನ್ನು ಕೇಳಿದರೆ ಮತ್ತೆ ಆ ಭಾನುವಾರದ ಮಾತು ಬರುತ್ತದೆ. ಆದ್ದರಿಂದ ನೆನಪಿನಿಂದ ತೆಗೆದ. ಕುರ್ಚಿ, ಬೂಟು, ಬಿಸಿಲು, ನೀರ ಮೇಲೆ ಚಾಚಿದ ಅವಳ ಎರಡು ಕೈ. ಕಣ್ಣು ಮುಚ್ಚಿಕೊಂಡು ನಿಂತು ಬೆರಳ ತುದಿಯಿಂದ ಬೆರಳ ತುದಿಗೆ ಟೇಪು ಹಿಡಿದ. ಗಾಳಿಯಲ್ಲಿ ಟೇಪು ಹಿಡಿದು ನಿಂತವನನ್ನು ಹೆಂಡತಿ ಕಾಜದಿಂದ ತಲೆಯೆತ್ತಿ ನೋಡಿ, ಮತ್ತೆ ಸೂಜಿಗೆ ದಾರ ಪೋಣಿಸಿದಳು. ಅವನು ಆ ಅಳತೆಗೆ, ಕೈಯಾಡಿಸಲು ಎಲ್ಲ ಕಡೆಯೂ ಚೂರು ಸಡಿಲ ಬಿಟ್ಟು, ಕೊನೆಯ ಕೊಳವನ್ನು ಹೊಲಿದ. ಅದು ಯಾವ ಪುಸ್ತಕದಲ್ಲೂ ಇಲ್ಲದ ಆಕಾರ. ತಲೆಯ ಕಡೆ ಕಿರಿದು, ಕೈಗಳಿಗೆ ಅಗಲ, ಕಾಲಿನ ಕಡೆ ಮತ್ತೆ ಕಿರಿದು. ಶನಿವಾರ ಸಂಜೆ ನಿಂಬೆ ಗಿಡದಿಂದ ದೂರ, ಬಿಸಿಲು ಬರುವ ಜಾಗದಲ್ಲಿ ಹಾಸಿದ. ಅಂಚನ್ನು ಡಬಲ್ ಹೊಲಿಗೆಯಲ್ಲಿ ಮುಗಿಸಿದ್ದ, ಟ್ರಯಲ್‌ಗೆ ಅಷ್ಟು ಬೇಕಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವನು ಅಡುಗೆಮನೆಯ ಕಿಟಕಿಯಲ್ಲಿ ಹಲ್ಲುಜ್ಜುತ್ತ ನಿಂತಿದ್ದಾಗ ಹೆಂಡತಿ ಹಿತ್ತಿಲಿಗೆ ಇಳಿಯುವುದು ಕಂಡಿತು. ಅವಳು ಈಜುವ ಉಡುಪು ತೊಟ್ಟಿದ್ದಳು, ಅವನೇ ಎಂದೋ ಹೊಲಿದಿದ್ದ ಕಪ್ಪು ಉಡುಪು, ತಿಂಗಳುಗಳಿಂದ ಪೆಟ್ಟಿಗೆಯ ತಳದಲ್ಲಿದ್ದದ್ದು. ಬಟ್ಟೆಯ ಕೊಳದ ಸುತ್ತ ಒಂದು ಸಲ ನಡೆದಳು. ಅಂಚಿನ ಹೊಲಿಗೆಯನ್ನು ಬಗ್ಗಿ ನೋಡಿದಳು, ಅದನ್ನು ನೋಡುವುದರಲ್ಲಿ ಅವಳೂ ಕಡಿಮೆಯವಳಲ್ಲ. ಆಮೇಲೆ ಗಿಡಗಳಿಗೆ ಬಿಡುವ ಪೈಪು ಎಳೆದು ತಂದು ನಲ್ಲಿ ತಿರುಗಿಸಿ, ಕೊಳದ ತುಂಬ ನೀರು ಹೊಡೆದಳು. ನೀರು ಹುಲ್ಲಿಗೆ ಇಳಿದು ಬಟ್ಟೆ ಅಲ್ಲಲ್ಲಿ ಉಬ್ಬಿ ಹೊಳೆಯಿತು. ಅವಳು ನಡುವೆ ಹೋಗಿ ಕೂತು, ನಿಧಾನವಾಗಿ ಅಂಗಾತ ಮಲಗಿ, ಕೈ ಎರಡೂ ಚಾಚಿ ಕಣ್ಣು ಮುಚ್ಚಿದಳು. ಬೆರಳ ತುದಿಯಿಂದ ಅಂಚಿಗೆ ಎಷ್ಟು ಸಡಿಲ ಬಿಟ್ಟಿದ್ದನೋ ಅಷ್ಟೇ ಉಳಿಯಿತು. ದರ್ಜಿ ಬಾಯಲ್ಲಿ ನೊರೆ ಇಟ್ಟುಕೊಂಡೇ ಹೊರಗೆ ಬಂದ. ಅವಳು ಅವನನ್ನು ಅಣಕಿಸುತ್ತಿದ್ದಾಳೋ, ಕರುಣೆ ತೋರುತ್ತಿದ್ದಾಳೋ, ನಿಜಕ್ಕೂ ತೇಲುತ್ತಿದ್ದಾಳೋ ತಿಳಿಯದೆ ದಡದಲ್ಲಿ ನಿಂತ. ಅವನ ತಾಯಿ ಬುಟ್ಟಿ ಹಿಡಿದು ಬಳಸಿಕೊಂಡು ಹೋಗುತ್ತ, ಚಳಿಯಾಗುತ್ತೆ ಬೇಗ ಏಳು ಎಂದು ಸೊಸೆಗೆ ಹೇಳಿ ಹೋದಳು.

"ಸರಿಯಾಗಿ ಕೂತಿದೆ," ಎಂದಳು ಹೆಂಡತಿ ಕಣ್ಣು ತೆರೆಯದೆ. "ಆದ್ರೆ ಒಬ್ಬರಿಗೇ ಹೊಲಿದಿದ್ದೀರಲ್ಲ. ನಿಮ್ಮ ಅಳತೆ ಎಲ್ಲಿ?"

ಅವನು ನೊರೆ ಉಗುಳಿದ. ತನ್ನ ಅಳತೆ ಎಂದರೇನು. ತನ್ನ ಮೈಗೆ ಅವನು ಟೇಪು ಹಿಡಿದು ಎಷ್ಟು ವರ್ಷವಾಯಿತೋ. ಆ ಚಡ್ಡಿಗೂ ಅಂದಾಜಿನಲ್ಲೇ ಕತ್ತರಿ ಆಡಿಸಿದ್ದ. ನಾನು ಕುರ್ಚಿಯಲ್ಲಿ ಕೂರುತ್ತೇನೆ, ನನಗೆ ಯಾಕೆ ಎನ್ನಬೇಕೆಂದುಕೊಂಡ. ಹೊರಗೆ ಬಂದದ್ದು ಬೇರೆಯೇ, ಎಷ್ಟೋ ತಿಂಗಳಿಂದ ಕೇಳದೆ ಉಳಿಸಿಕೊಂಡಿದ್ದದ್ದು.

"ಅಲ್ಲಿಗೆ ಹೋಗೋದು ಯಾಕೆ ಬಿಟ್ಟೆ? ನನ್ನಿಂದ ನಾಚಿಕೆ ಆಯ್ತಾ?"

ಅವಳು ಕಣ್ಣು ತೆರೆದು ಅವನನ್ನು ಕೆಳಗಿನಿಂದ ನೋಡಿದಳು. "ನಾಚಿಕೆನಾ? ಬೋರ್ಡ್ ಬರೆಸಿದವನು ಅವನು. ನನ್ನ ಗಂಡನ ಮೇಲೆ ಬೋರ್ಡ್ ಹಾಕಿದವನ ಮನೇಲಿ ನಾನ್ಯಾಕೆ ತೇಲ್ಲಿ?"

"ಮತ್ತೆ ಮಂಡಿ ನೋವು ಅಂದೆ."

"ನೀವು ಕೇಳ್ಲೇ ಇಲ್ಲ. ಬೇರೆ ಏನು ಹೇಳ್ಲಿ."

ಇಷ್ಟು ಸಣ್ಣ ಮಾತು. ಅವನಿಗೆ ಸಂತೋಷವಾಯಿತು, ಹಿಂದೆಯೇ ಇಷ್ಟು ದಿನದ ತನ್ನ ದಡ್ಡತನಕ್ಕೆ ಸಿಟ್ಟು ಬಂತು. ಒಂದು ಪ್ರಶ್ನೆ ಕೇಳುವ ಬದಲು ಒಂದು ಥಾನು ಬಟ್ಟೆ ಹೊಲಿದಿದ್ದ. ಕೈ ಕೊಟ್ಟು ಅವಳನ್ನು ಎಬ್ಬಿಸಿದ. ಎದ್ದವಳು ಬೆನ್ನು ತಿರುಗಿಸಿದಳು. ಅವನು ಅವಳ ಬೆನ್ನು ನೋಡಿದ, ಆಮೇಲೆ ಬಟ್ಟೆಯನ್ನು ನೋಡಿದ, ಮತ್ತೆ ಬೆನ್ನನ್ನು ನೋಡಿದ. ಕತ್ತಿನಿಂದ ಹಿಮ್ಮಡಿಯವರೆಗೆ, ತೋಳಿನ ಹಿಂಬದಿ, ಕಿವಿಯ ಹಿಂದೆ, ಎಲ್ಲ ನೀಲಿ. ಟ್ರಯಲ್ ಬಟ್ಟೆಯನ್ನು ಯಾರೂ ನೆನೆಹಾಕುವುದಿಲ್ಲ. ನೆನೆಹಾಕಬೇಕೆಂದು ಅವನಿಗೆ ಹೊಳೆದೂ ಇರಲಿಲ್ಲ. ಒಬ್ಬ ಮನುಷ್ಯ ಒಂದೇ ತಪ್ಪನ್ನು ಎರಡು ಸಲ, ಎರಡು ಬಣ್ಣದಲ್ಲಿ ಮಾಡಬಹುದೆಂದು ಯಾರು ತಾನೇ ಎಣಿಸುತ್ತಾರೆ. ಭೂಮಿ ಬಾಯಿ ಬಿಟ್ಟರೆ ಇಳಿದುಹೋಗಲು ಸಿದ್ಧನಾಗಿ ನಿಂತ. ಹೆಂಡತಿ ತನ್ನ ತೋಳು ತಿರುಗಿಸಿ ನೋಡಿಕೊಂಡಳು, ಅಂಗೈ ನೋಡಿಕೊಂಡಳು. ಅವಳ ತುಟಿ ಒಂದು ಸಲ ನಡುಗಿತು. ಅಳುತ್ತಾಳೆ ಎಂದುಕೊಂಡ. ಅವಳು ಸುತ್ತ ಪರದೆ ಹುಡುಕಿದಳು, ಹಿತ್ತಿಲಲ್ಲಿ ಎಲ್ಲಿಯ ಪರದೆ. ಅಲ್ಲೇ ಹುಲ್ಲಿನ ಮೇಲೆ ಕೂತು, ನೀಲಿ ಕೈಗಳಿಂದ ಮುಖ ಮುಚ್ಚಿಕೊಂಡು, ಉಸಿರು ಕಟ್ಟುವಂತೆ ನಕ್ಕಳು. ಬೆನ್ನಿನ ಜೇಬು, ಪರದೆಯ ಹಿಂದೆ ಟವೆಲು ಸುತ್ತಿಕೊಂಡ ಪೂಲಿನವನು, ಬಾಯಿ ತೆರೀರಿ ಭಾವ, ಎಲ್ಲವನ್ನೂ ಸೇರಿಸಿಕೊಂಡು ನಕ್ಕಳು. ಕೈ ತೆಗೆದಾಗ ಮುಖವೂ ನೀಲಿಯಾಗಿತ್ತು.

ತೊಳೆಯುವುದಕ್ಕೆ ಬಿಸಿನೀರು ಕಾಯಿಸುತ್ತೇನೆ ಎಂದು ಅವನು ಒಳಗೆ ಓಡಿದ. ತೊಳೀಬೇಡಿ ಎಂದಳು. ಹಾಗೆಯೇ ಮೇಲೊಂದು ಹಳೆಯ ನಿಲುವಂಗಿ ಹಾಕಿಕೊಂಡು, ಟವೆಲು ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿ ಬೀದಿಗಿಳಿದಳು. ಭಾವಮೈದನ ಮನೆ ದೂರವಿಲ್ಲ, ನಡೆದೇ ಹೋಗುವಷ್ಟು. ದರ್ಜಿ ಉಟ್ಟ ಬಟ್ಟೆಯಲ್ಲೇ, ಬೂಟು ಮೆಟ್ಟಿ, ಕತ್ತಿನಲ್ಲಿ ಟೇಪು ತೂಗಾಡಿಸಿಕೊಂಡು, ಎರಡು ಹೆಜ್ಜೆ ಹಿಂದೆ ನಡೆದ. ಎಲ್ಲಿಗೆ, ಯಾಕೆ ಎಂದು ಕೇಳಿದ. ಇವತ್ತು ಭಾನುವಾರ ಅಲ್ವಾ ಎಂದಳು. ಎದುರಿಗೆ ಬಂದ ಬ್ಯಾಂಕಿನವನು ನೀಲಿ ಮುಖದ ಹೆಂಗಸಿಗೆ ಒಂದು ನಮಸ್ಕಾರ ಹಾಕಿ, ಇದು ಈಗ ನಡೆಯುತ್ತಿರುವುದೋ ಏನೋ ಎಂಬಂತೆ ದರ್ಜಿಯತ್ತ ನೋಡಿದ. ಸಿದ್ಧ ಉಡುಪಿನ ಅಂಗಡಿಯವನು ಬಾಗಿಲಿಗೆ ಬಂದು ನಿಂತ. ಅವಳು ತಲೆ ತಗ್ಗಿಸದೆ ನಡೆದಳು, ಎಡಭುಜವೂ ಬಲಭುಜದ ಸಮಕ್ಕೆ ಬಂದಂತಿತ್ತು, ಅಥವಾ ಅವನ ಕಣ್ಣಿಗೆ ಹಾಗೆ ಕಂಡಿತು. ತಡೆಯಬೇಕು ಎಂದು ಅವನಿಗೆ ಪ್ರತಿ ತಿರುವಿನಲ್ಲೂ ಅನ್ನಿಸಿತು. ಭಾವಮೈದ ಒಳ್ಳೆಯವನೇ, ಮತ್ತೆ ನೀರು ಬಸಿಯಬೇಕು, ಮತ್ತೆ ತಿಕ್ಕಿಸಬೇಕು, ಮತ್ತೆ ಪರವಾಗಿಲ್ಲ ಭಾವ ಎನ್ನುತ್ತಾನೆ. ಆದರೆ ತಡೆಯಲಿಲ್ಲ. ನಿಜ ಹೇಳಬೇಕೆಂದರೆ ತಡೆಯುವ ಮನಸ್ಸು ಇರಲಿಲ್ಲ.

ಕೊಳದ ಬಳಿ ಯಾರೂ ಇರಲಿಲ್ಲ. ನೀರು ತಳದ ಬಿಲ್ಲೆಗಳು ಕಾಣುವಷ್ಟು ತಿಳಿಯಾಗಿತ್ತು. ಅವಳು ಬೋರ್ಡಿನ ಮುಂದೆ ನಿಂತು ಮೂರೂ ಸಾಲನ್ನು ಓದಿ, ಅದರ ಮೇಲೆ ತನ್ನ ಟವೆಲನ್ನು ಒಣಹಾಕುವಂತೆ ನೀಟಾಗಿ ಹರಡಿದಳು. ನಿಲುವಂಗಿ ತೆಗೆದಳು. ಮೆಟ್ಟಿಲು ಹಿಡಿದು ಇಳಿದು, ಬೆನ್ನು ನೀರಿಗೆ ಕೊಟ್ಟು, ಕೈ ಚಾಚಿದಳು. ಮೊದಲು ಒಂದು ಎಳೆ ಎದ್ದಿತು, ಆಮೇಲೆ ಇನ್ನೊಂದು. ಅವಳ ಸುತ್ತ ನೀಲಿ ನಿಧಾನವಾಗಿ ಬಿಚ್ಚಿಕೊಂಡಿತು. ಕೂದಲು ಹರಡಿಕೊಂಡಿತು. ಕತ್ತಿನ ಗೂನು ಕರಗಿತು. ಎಷ್ಟೋ ಭಾನುವಾರಗಳ ಮೇಲೆ ಅವಳು ತೇಲುತ್ತಿದ್ದಳು. ಮನೆಯೊಳಗಿನಿಂದ ಭಾವಮೈದ ಕಾಫಿ ಬಟ್ಟಲು ಹಿಡಿದು ಬಂದ, ಬಂದವನು ಬಟ್ಟಲನ್ನು ಬಾಯಿಯ ಹತ್ತಿರಕ್ಕೆ ಒಯ್ದು ಹಾಗೇ ನಿಲ್ಲಿಸಿದ.

"ಅಕ್ಕ, ಏನಿದು ಬಣ್ಣ?"

"ನಮ್ಮ ಪೂಲಿಂದು ಕಣೋ. ಬೆಳಿಗ್ಗೆಯಿಂದ ಅಲ್ಲೇ ಇದ್ದೆ."

ಭಾವಮೈದ ಅವಳನ್ನೂ, ಟವೆಲು ಹೊದ್ದ ತನ್ನ ಬೋರ್ಡನ್ನೂ, ಕತ್ತಿನಲ್ಲಿ ಟೇಪು ಹಾಕಿಕೊಂಡು ನಿಂತ ಭಾವನನ್ನೂ ನೋಡಿದ. ಮನೆಯ ಹಿಂದೆ ಪೂಲು ಕಟ್ಟಿಸಿದಿರಾ, ಯಾವ ಬಗೆಯದು ಎಂದು ಮರ್ಯಾದೆಯಿಂದ ಕೇಳಿದ. ಟ್ರಯಲ್ ನಡೆಯುತ್ತಿದೆ ಎಂದ ದರ್ಜಿ. ಅವನ ಕಿವಿ ಬಿಸಿಯಾಗಲಿಲ್ಲ. ಭಾವಮೈದ ಪರವಾಗಿಲ್ಲ ಎನ್ನಲು ಬಾಯಿ ತೆರೆದ, ಅದೇಕೋ ಹೇಳದೆ ಮುಚ್ಚಿದ; ಟವೆಲು ಜಾರುತ್ತಿತ್ತು, ಹೋಗಿ ಸರಿಪಡಿಸಿ, ಮೂರನೆಯ ಸಾಲು ಕಾಣದಂತೆ ಕೆಳಗೆ ಎಳೆದು, ಒಳಗೆ ಹೋದ. ನೀರಿನ ನಡುವಿನಿಂದ ಹೆಂಡತಿ ತಲೆಯೆತ್ತದೆ ಒಂದು ಕೈ ಮಾತ್ರ ಎತ್ತಿದಳು.

"ರೀ, ಇಳೀರಿ. ಇಲ್ಲಿ ಇಬ್ಬರಿಗೂ ಸಡಿಲ ಇದೆ."

ದರ್ಜಿ ಬೂಟು ಬಿಚ್ಚಿ ಜೋಡಿಸಿಟ್ಟ. ಟೇಪನ್ನು ಸುತ್ತಿ ಒಂದು ಬೂಟಿನೊಳಗೆ ಇಟ್ಟ. ಮೆಟ್ಟಿಲ ಮೇಲೆ ನಿಂತು, ಮೊಳಕಾಲಿಗೆ ನೀರು ಬಂದಾಗ, ತಾನು ತೊಟ್ಟಿರುವ ಈ ಕಂದು ಪ್ಯಾಂಟಿನ ಬಟ್ಟೆಯನ್ನು ಹೊಲಿಯುವ ಮೊದಲು ನೆನೆಹಾಕಿದ್ದೆನೋ ಇಲ್ಲವೋ ಎಂದು ನೆನಪು ಮಾಡಿಕೊಳ್ಳಲು ನೋಡಿದ. ನೆನಪಾಗಲಿಲ್ಲ. ಇಳಿದ.